ಡ್ರೈವರ್ ಓಡಿಹೋದರೆ ಪರಿಹಾರವೂ ಹೋಯಿತೇ?

ತಮಿಳುನಾಡಿನ ಮೇಚೇರಿಯ ಆಸುಪಾಸಿನಲ್ಲಿ ಉಕ್ಕಿನ ಕಾರ್ಖಾನೆಯಿದೆ, ಮೆಟ್ಟೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರವಿದೆ. ಹಾಗಾಗಿ ಮೆಟ್ಟೂರು–ಓಮಲೂರು ರಸ್ತೆಯಲ್ಲಿ ಲೋಡ್ ಲಾರಿ, ಟ್ಯಾಂಕರ್, ಕಾರ್ಖಾನೆ ಬಸ್ಸುಗಳ ಓಡಾಟ ನಿಲ್ಲುವುದಿಲ್ಲ. ಮಾದಪ್ಪನ ಬೆಟ್ಟದ ಕಡೆಯಿಂದ ಪಾಲಾರ್ ದಾಟಿ ಸೇಲಂಗೆ ಹೋಗುವವರಿಗೂ ಈ ಸೀಮೆಯಲ್ಲೇ ನೆಲೆಸಿ ಮನೆಯಲ್ಲಿ ಕನ್ನಡವಾಡುವ ನೇಕಾರ ಕುಟುಂಬಗಳಿಗೂ ಅದೇ ದಾರಿ. ಇಲ್ಲಿ ಕಂಪನಿ ಗಾಡಿ ಗುದ್ದಿ ಕಾಲು ಮುರಿದುಕೊಂಡವರಿಗೆ ಆಸ್ಪತ್ರೆ ಬಾಗಿಲಲ್ಲೇ ಸಿಗುವ ಬಿಟ್ಟಿ ಸಲಹೆಗಳಲ್ಲಿ ಹೆಚ್ಚಿನವು ತಪ್ಪು.

'ಗುದ್ದಿದ್ದು ಡ್ರೈವರ್, ಕಂಪನಿಗೇನು ಸಂಬಂಧ?' ಎಂಬುದು ಮೊದಲನೆಯದು. ಸಂಬಂಧ ನೇರವಾಗಿಯೇ ಇದೆ. ನೌಕರ ಕೆಲಸದ ಭಾಗವಾಗಿ ಗಾಡಿ ಓಡಿಸುವಾಗ ಅಜಾಗರೂಕತೆಯಿಂದ ಮಾಡಿದ ಹಾನಿಗೆ ಮಾಲೀಕನೂ ಹೊಣೆ. 1960ರಲ್ಲಿ ನಾಗಪುರದಿಂದ ಪಾಂಢುರ್ನಾಕ್ಕೆ ಹೊರಟಿದ್ದ ಒಂದು ಜಿನ್ನಿಂಗ್ ಕಂಪನಿಯ ಕಾರು ಮರಕ್ಕೆ ಗುದ್ದಿತು. ಓಡಿಸುತ್ತಿದ್ದವರು ಕಂಪನಿಯ ಮ್ಯಾನೇಜರ್. ಜೊತೆಗಿದ್ದ ಪ್ರಯಾಣಿಕರು ತೀರಿಕೊಂಡರು. 'ಅವರನ್ನು ಹತ್ತಿಸಿಕೊಂಡಿದ್ದು ನಮ್ಮ ಕೆಲಸಕ್ಕಲ್ಲ' ಎಂದು ಕಂಪನಿ ವಾದಿಸಿತು, ಹೈಕೋರ್ಟ್ ಒಪ್ಪಿಯೂ ಬಿಟ್ಟಿತು. 1977ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಕಂಪನಿಯೇ ಹೊಣೆ ಎಂದಿತು. ಪುಷ್ಪಾಬಾಯಿ ಉದೇಶಿ ಪ್ರಕರಣವೆಂದು ವಕೀಲರು ಇಂದಿಗೂ ಉಲ್ಲೇಖಿಸುವುದು ಇದನ್ನೇ.

ಗಾಡಿಯ ಮೈಮೇಲೆ ಬರೆದ ಕಂಪನಿ ಹೆಸರನ್ನಷ್ಟೇ ನಂಬಬೇಡಿ. ಆ ಲಾರಿ ಕಾಂಟ್ರಾಕ್ಟರನದ್ದೂ ಆಗಿರಬಹುದು. ನಂಬರ್ ಪ್ಲೇಟಿನ ಫೋಟೊ ತೆಗೆದಿಟ್ಟುಕೊಳ್ಳಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಡ್ರೈವರ್ ಬಳಿ ಸರಿಯಾದ ಲೈಸೆನ್ಸ್ ಇಲ್ಲದಿದ್ದರೂ ಗಾಯಾಳು ಬರಿಗೈಯಲ್ಲಿ ಹೋಗಬೇಕಿಲ್ಲ. ಇನ್ಶೂರೆನ್ಸ್ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶಿಸುವುದುಂಟು.

'ಸಂಬಳದ ಚೀಟಿ ಇಲ್ಲದವರಿಗೆ ಏನೂ ಸಿಗದು' ಎಂಬ ಮಾತು ನನಗೆ ಅತಿ ಕ್ರೂರವಾಗಿ ಕಾಣುತ್ತದೆ. ಬಡವರು ಕೋರ್ಟಿನ ಮೆಟ್ಟಿಲನ್ನೇ ಹತ್ತದಂತೆ ತಡೆಯುವುದು ಅದೇ. ಕರ್ನಾಟಕದ ಕೂಲಿ ಕಾರ್ಮಿಕ ರಾಮಚಂದ್ರಪ್ಪ ಅವರ ಪ್ರಕರಣದಲ್ಲಿ, ದಾಖಲೆಯಿಲ್ಲದಿದ್ದರೂ ಅವರು ಹೇಳಿದ ತಿಂಗಳ 4,500 ರೂಪಾಯಿ ಆದಾಯವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಿತು. ಅದಕ್ಕೂ ಹಿಂದಿನ ವರ್ಷ, 2010ರಲ್ಲಿ, ರಾಜ್‌ಕುಮಾರ್ ಪ್ರಕರಣದಲ್ಲಿ ಇನ್ನೊಂದು ಸೂತ್ರ ಹೇಳಿತ್ತು: ವೈದ್ಯರು ಬರೆದುಕೊಡುವ ಅಂಗವೈಕಲ್ಯದ ಶೇಕಡಾವಾರು ಒಂದು, ದುಡಿಮೆಯ ಮೇಲೆ ಅದು ಮಾಡುವ ಪರಿಣಾಮ ಇನ್ನೊಂದು. ಒಂದು ಕೈ ಹೋದರೂ ಗುಮಾಸ್ತ ನೌಕರಿಯಲ್ಲಿ ಉಳಿಯಬಹುದು. ಬಡಗಿಯ ದುಡಿಮೆ ಪೂರ್ತಿ ನಿಂತುಹೋಗಬಹುದು. ಕಾಲಿನಿಂದ ತುಳಿಯುತ್ತಾ ಕೈಯಿಂದ ಲಾಳಿ ಓಡಿಸುವ ನೇಕಾರನಿಗೂ ಈ ಮಾತು ಅನ್ವಯಿಸುತ್ತದೆ. ಮೊಣಕಾಲು ಮಡಚಲಾಗದಿದ್ದರೆ ಮಗ್ಗದ ಮುಂದೆ ಕೂರುವುದಾದರೂ ಹೇಗೆ? ಅದನ್ನು ವೈದ್ಯರ ಬಾಯಿಂದಲೇ ಸಾಕ್ಷ್ಯವಾಗಿ ಹೇಳಿಸಬೇಕು. ನೂಲು ಕೊಡುವ ಮಾಲೀಕರ ಲೆಕ್ಕದ ಪುಸ್ತಕವೂ ನೆರವಾಗುತ್ತದೆ.

ಚಿಕಿತ್ಸೆಗೆ ದುಡ್ಡಿಲ್ಲವೆಂದು ಠಾಣೆಯಲ್ಲೇ ರಾಜಿ ಮಾಡಿಕೊಂಡು, ಓದಲು ಬಾರದ ತಮಿಳು ಕಾಗದಕ್ಕೆ ಸಹಿ ಹಾಕಿಬಿಡುವುದು ದೊಡ್ಡ ಅಪಾಯ. ನಾಳೆ ಎದುರು ಪಕ್ಷದವರು ವಾದಕ್ಕೆ ಹಿಡಿಯುವುದೇ ಆ ಕಾಗದವನ್ನು. ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ ಆರಂಭಿಸಿದ 'ಇನ್ನುಯಿರ್ ಕಾಪ್ಪೋಂ' ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಯ ಚಿಕಿತ್ಸೆ ನಿಗದಿತ ಆಸ್ಪತ್ರೆಗಳಲ್ಲಿ ಉಚಿತ. ಹೊರ ರಾಜ್ಯದವರಿಗೂ ಅದು ಸಿಗುತ್ತದೆ.

ಕೇಸಿಗಾಗಿ ಸೇಲಂಗೇ ಅಲೆಯಬೇಕೆಂದೂ ಇಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ಹನೂರಿನವರು ಚಾಮರಾಜನಗರ ಜಿಲ್ಲೆಯಲ್ಲೇ ಹಾಕಬಹುದು. ಆದರೆ ತಡ ಮಾಡಬಾರದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿ ಅಪಘಾತದ ದಿನದಿಂದ ಆರು ತಿಂಗಳ ಗಡುವು ಹಾಕಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆಯಾದರೂ ಅವುಗಳನ್ನು ನೆಚ್ಚಿಕೊಂಡು ಕೂರುವುದು ಬೇಡ. ವಕೀಲರ ಫೀಸಿಗೆ ಹಣವಿಲ್ಲದವರು 15100ಕ್ಕೆ ಫೋನ್ ಮಾಡಿ ಉಚಿತ ಕಾನೂನು ನೆರವು ಕೇಳಬಹುದು.