ಆಟ, ನಗೆ, ಕಥೆ: ಮನೆಮಂದಿ ಕೂಡಿ ಓದತಕ್ಕ ಒಂದು ಪುಸ್ತಕ

ಸಂಜೆಯಾಯಿತೆಂದರೆ ಮನೆಮಂದಿಯೆಲ್ಲ ದೂರದರ್ಶನದ ಪೆಟ್ಟಿಗೆಯ ಮುಂದೆ ಕೂಡುವುದು ಅನೇಕ ಮನೆಗಳ ವಾಡಿಕೆ. ಕ್ರಿಕೆಟ್ಟೂ ಅಲ್ಲಿಯೇ, ಹಾಸ್ಯವೂ ಅಲ್ಲಿಯೇ, ಕಥೆಯೂ ಅಲ್ಲಿಯೇ. ಇದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಈ ಮೂರೂ ಒಂದೆಡೆ ದೊರೆಯುವ ಪುಸ್ತಕವೊಂದನ್ನು ವಾಚಕರಿಗೆ ಸೂಚಿಸಬೇಕೆಂಬುದಷ್ಟೇ ನಮ್ಮ ಆಶೆ. ಅದು ಮೈಸೂರಿನಲ್ಲಿ ಬಾಳಿದ ಶ್ರೀ ಆರ್. ಕೆ. ನಾರಾಯಣರು ಇಂಗ್ಲಿಷಿನಲ್ಲಿ ಬರೆದ 'ಸ್ವಾಮಿ ಅಂಡ್ ಫ್ರೆಂಡ್ಸ್'.

ಈ ಗ್ರಂಥವು ಬೆಳಕು ಕಂಡುದೇ ಒಂದು ಕಥೆ. ಪ್ರಕಾಶಕರು ಮತ್ತೆ ಮತ್ತೆ ತಿರಸ್ಕರಿಸಿದುದರಿಂದ ಬೇಸತ್ತ ಗ್ರಂಥಕರ್ತರು, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡೆಂದು ಇಂಗ್ಲೆಂಡಿನಲ್ಲಿದ್ದ ಮಿತ್ರರಿಗೆ ಬರೆದರಂತೆ. ಮಿತ್ರರು ಹಾಗೆ ಮಾಡದೆ ಅದನ್ನು ಗ್ರಹಾಂ ಗ್ರೀನ್ ಎಂಬ ಕಾದಂಬರಿಕಾರರ ಕೈಗೆ ಮುಟ್ಟಿಸಿದರು. ಅವರ ಯತ್ನದಿಂದ ೧೯೩೫ರಲ್ಲಿ ಪುಸ್ತಕವು ಲಂಡನ್ನಿನಲ್ಲಿ ಪ್ರಕಟವಾಯಿತು.

ಸುಮಾರು ಅರ್ಧ ಶತಮಾನದ ಮೇಲೆ, ೧೯೮೬-೮೭ರ ವೇಳೆಗೆ, ಶಂಕರನಾಗ್ ಅವರು ಆಗುಂಬೆಯನ್ನೇ ಮಾಲ್ಗುಡಿಯಾಗಿ ಮಾಡಿ ಈ ಕಥೆಯನ್ನು 'ಮಾಲ್ಗುಡಿ ಡೇಸ್' ಮಾಲೆಯಲ್ಲಿ ದೂರದರ್ಶನಕ್ಕೆ ತಂದರು. ಸ್ವಾಮಿಯಾಗಿ ಬಾಲಕ ಮಂಜುನಾಥನೂ, ತಂದೆಯಾಗಿ ಗಿರೀಶ ಕಾರ್ನಾಡರೂ ನಟಿಸಿದರು. ಅದನ್ನು ಕಂಡವರು ಇಂದಿಗೂ ನೆನೆಯುತ್ತಾರೆ. ಕಂಡವರೂ ಪುಸ್ತಕವನ್ನು ಓದಲೇಬೇಕೆಂಬುದು ನಮ್ಮ ಮತ.

ನಗೆಗೆ ಅಲ್ಲಿ ಕೊರತೆಯಿಲ್ಲ. ಹುಡುಗರು ತಮ್ಮ ತಂಡಕ್ಕೆ 'ಎಂ. ಸಿ. ಸಿ.' ಎಂದು ಹೆಸರಿಟ್ಟು, ದಾಂಡು ಚೆಂಡುಗಳಿಗಾಗಿ ಮದರಾಸಿನ ಅಂಗಡಿಗೆ ಬರೆಯುತ್ತಾರೆ. ಮುಂಗಡ ಹಣ ಕೇಳಿ ಬಂದ ಉತ್ತರವು ಅರ್ಥವಾಗದೆ, ಇದು ಮತ್ತಾರಿಗೋ ಬರೆದ ಕಾಗದವೆಂದು ಹಿಂದಿರುಗಿಸುತ್ತಾರೆ! ಸ್ವಾಮಿಯ ಎಸೆತಕ್ಕೆ ಮೆಚ್ಚಿ, ಅವನನ್ನು ಇಂಗ್ಲೆಂಡಿನ ಆಟಗಾರ ಟೇಟನ ಹೆಸರಿನಿಂದ ಕರೆಯುತ್ತಾರೆ.

ಆದರೆ ನಗುನಗುತ್ತಲೇ ಕಥೆ ಗಂಭೀರವಾಗುವುದು. ಶಾಲೆಯ ಡ್ರಿಲ್ಲು ಮುಗಿಯುವ ಹೊತ್ತಿಗೆ ಮೈದಾನದಲ್ಲಿ ಕತ್ತಲಾಗಿರುತ್ತದೆ. ಹೆಡ್ಮಾಸ್ತರರಿಗೆ ಹೇಳುವೆನೆಂದು ಮಾತು ಕೊಟ್ಟ ವೈದ್ಯರು ಹೇಳುವುದೇ ಇಲ್ಲ. ಡ್ರಿಲ್ಲು ತಪ್ಪಿಸಿ ಸಿಕ್ಕಿಬಿದ್ದ ಸ್ವಾಮಿ, ಬೆತ್ತವನ್ನು ಕಿಟಕಿಯಿಂದಾಚೆಗೆ ಎಸೆದು ಓಡುತ್ತಾನೆ. ತಂದೆಗೆ ಮುಖ ತೋರಿಸಲು ಹೆದರಿ, ಊರನ್ನೇ ಬಿಟ್ಟು ಕಾಡುದಾರಿಯಲ್ಲಿ ದಿಕ್ಕು ತಪ್ಪುತ್ತಾನೆ. ಪಂದ್ಯವೂ ತಪ್ಪಿತು, ತಂಡದ ನಾಯಕನೂ ಪ್ರಾಣಮಿತ್ರನೂ ಆದ ರಾಜಂ ಮುನಿದನು.

ಕೊನೆಗೆ ರಾಜಂನ ತಂದೆಗೆ ವರ್ಗವಾಗಿ ಅವರು ಊರು ಬಿಡುವ ದಿನ, ಸ್ವಾಮಿ ಆಂಡರ್ಸನ್ನನ ಕಥೆಗಳ ಪುಟ್ಟ ಪುಸ್ತಕವನ್ನು ಹಿಡಿದು ರೈಲು ನಿಲ್ದಾಣಕ್ಕೆ ಬರುತ್ತಾನೆ. ರೈಲು ಹೊರಟಿತು, ಗೆಳೆಯ ಮಣಿ ಓಡಿಹೋಗಿ ಅದನ್ನು ರಾಜಂನ ಕೈಗೆ ಮುಟ್ಟಿಸಿದನು. ರಾಜಂ ಕ್ಷಮಿಸಿದನೆ? ಗ್ರಂಥಕರ್ತರು ಹೇಳುವುದಿಲ್ಲ.

ಇಲ್ಲಿಯೇ ಪುಸ್ತಕದ ವಿಶೇಷ ಲಾಭ. ಚಿತ್ರವು ಮುಂದೆ ಸರಿಯುತ್ತದೆ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನಿಲ್ಲಬಹುದು. ಹುಡುಗನ ಎದೆಯೊಳಗಿನ ಅಂಜಿಕೆಯನ್ನು ಅಕ್ಷರವು ಒಂದೊಂದಾಗಿ ಬಿಚ್ಚಿ ತೋರಿಸುತ್ತದೆ. ಮನೆಯಲ್ಲಿ ಇಷ್ಟು ಪ್ರೀತಿಯಿದ್ದೂ, ಬಾಯಿ ಬಿಟ್ಟು ಹೇಳಲಾರದೆ ಮಗುವೊಂದು ಓಡಿಹೋದುದೇಕೆ? ಈ ಪ್ರಶ್ನೆಯು ಮಕ್ಕಳಿಗಿಂತ ಹಿರಿಯರಾದ ನಮಗೇ ಸಲ್ಲತಕ್ಕದ್ದು.

ಆದುದರಿಂದ ಗೃಹಸ್ಥರು ರಾತ್ರಿಗೊಂದು ಅಧ್ಯಾಯವನ್ನು ಮಕ್ಕಳಿಗೆ ಓದಿ ಹೇಳಲಿ. ರಾಜಂ ಕ್ಷಮಿಸಿದನೇ ಎಂದು ಮಗು ಕೇಳಿದಾಗ, ಉತ್ತರವನ್ನು ಮಗುವಿನಿಂದಲೇ ಕೇಳಲಿ. ಅದು ಏನು ಹೇಳುವುದೋ ಕಿವಿಗೊಟ್ಟು ಆಲಿಸಲಿ.