ಕೂಸಿನ ಹಿಮ್ಮಡಿಯ ಒಂದು ಹನಿ ರಕ್ತ

ಖಾನಾಪುರದ ಕಡೆ ಭತ್ತ ಕೊಯ್ಯುವ ನಮಗೆ ಕುಡುಗೋಲು ಗೊತ್ತು. ಅದರ ಬಾಗಿದ ಆಕಾರವೂ ಗೊತ್ತು. ನಮ್ಮ ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೆಂಪು ಕಣಗಳಿವೆ. ಅವು ದುಂಡಗೆ, ಮೆತ್ತಗೆ ಇರುತ್ತವೆ. ಕೆಲವರಲ್ಲಿ ಮಾತ್ರ ಅವು ಬಿರುಸಾಗಿ ಕುಡುಗೋಲಿನ ಹಾಗೆ ಬಾಗುತ್ತವೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬೇಗ ಒಡೆಯುತ್ತವೆ. ಆಗ ರಕ್ತ ಕಡಿಮೆ ಆಗುತ್ತದೆ, ಎಲುಬು ನೋಯುತ್ತದೆ. ಇದೇ ಕುಡುಗೋಲು ಕಣ ರೋಗ. ಡಾಕ್ಟರು ‘ಸಿಕಲ್ ಸೆಲ್’ ಅಂತಾರೆ.

ಇದು ಅಂಟುರೋಗ ಅಲ್ಲ, ಶಾಪವೂ ಅಲ್ಲ. ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು, ಎರಡೂ ಕೂಡಿದರೆ ಕೂಸಿಗೆ ರೋಗ. ಒಂದೇ ಪಾಲು ಇದ್ದವರು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುತ್ತಾರೆ. ತಮ್ಮಲ್ಲಿ ಅದು ಇದೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಕೂಸಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹಾಗಿದ್ದಮೇಲೆ ಸೊಸೆಯ ಕಾಲ್ಗುಣ ಅನ್ನೋದು ಯಾವ ನ್ಯಾಯ? ಮಗನ ಪಾಲೂ ಅದರಲ್ಲಿ ಇದೆಯಲ್ಲ!

ಒಂದು ಪಾಲು ಇದ್ದವರನ್ನು ಮಲೇರಿಯಾ ಅಷ್ಟು ಕಾಡುವುದಿಲ್ಲ. ಅದಕ್ಕೇ ಮಲೇರಿಯಾ ಹೆಚ್ಚಿದ್ದ ಕಾಡಿನ ಸೀಮೆಗಳಲ್ಲಿ ಈ ಗುಣ ಉಳಿದು ಬಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇದೆ. ನಮ್ಮ ಸಿದ್ದಿ ಜನರಲ್ಲೂ ಕಂಡುಬಂದಿದೆ. ಬೇರೆಯವರಿಗೆ ಬರುವುದೇ ಇಲ್ಲ ಅಂತಲ್ಲ.

ಮೋಸ ಹೋಗುವುದು ಇಲ್ಲಿ. ಹುಟ್ಟಿದಾಗ ಕೂಸು ಚೆನ್ನಾಗಿಯೇ ಇರುತ್ತದೆ. ಹೊಟ್ಟೆಯಲ್ಲಿದ್ದಾಗಿನ ರಕ್ತದ ಗುಣ ಐದಾರು ತಿಂಗಳು ಅದನ್ನು ಕಾಯುತ್ತದೆ. ಆಮೇಲೆ ಕೈ, ಪಾದ ಬಾಯುತ್ತವೆ. ಮೈ ಬಿಳಚಿಕೊಳ್ಳುತ್ತದೆ. ಕೆಲವು ಕೂಸುಗಳಿಗೆ ಮೊದಲ ಗುರುತೇ ಜೋರು ಜ್ವರ. ರೋಗಾಣುಗಳನ್ನು ಸೋಸುವ ಗುಲ್ಮ ಅಷ್ಟರಲ್ಲಿ ಕೆಟ್ಟಿರುತ್ತದೆ. ಆ ಜ್ವರದಲ್ಲಿ ಜೀವವೇ ಹೋಗಬಹುದು.

ಅದಕ್ಕೇ ಗುರುತು ಕಾಣುವ ಮೊದಲೇ ಪರೀಕ್ಷೆ ಬೇಕು. ಕೂಸಿನ ಹಿಮ್ಮಡಿಗೆ ಚುಚ್ಚಿ ಒಂದೆರಡು ಹನಿ ರಕ್ತ ತೆಗೆದರೆ ಸಾಕು. ದೊಡ್ಡವರಿಗೆ ಮೊದಲು ಮಾಡುವ ಸಾದಾ ಪರೀಕ್ಷೆ ಆರು ತಿಂಗಳೊಳಗಿನ ಕೂಸಿಗೆ ನಡೆಯುವುದಿಲ್ಲ, ರೋಗ ಇದ್ದರೂ ಇಲ್ಲ ಅಂತ ತೋರಿಸಬಹುದು. ಇದನ್ನು ಡಾಕ್ಟರಿಗೆ ಕೇಳಿ ತಿಳಿದುಕೊಳ್ಳೋಣ.

ರೋಗ ಇದೆ ಅಂತಾದರೆ ಸುಮಾರು ಎರಡು ತಿಂಗಳಿನಿಂದ ಐದು ವರ್ಷದವರೆಗೆ ದಿನಾ ಎರಡು ಹೊತ್ತು ಪೆನ್ಸಿಲಿನ್ ಔಷಧ ಕೊಡುತ್ತಾರೆ. ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ 1986ರಲ್ಲಿ ಫಲ ಹೇಳಿದರು. ಔಷಧ ಕುಡಿದ ಮಕ್ಕಳಲ್ಲಿ ನ್ಯುಮೋನಿಯಾ ತರುವ ಒಂದು ರೋಗಾಣುವಿನ ಸೋಂಕು 100ಕ್ಕೆ 84ರಷ್ಟು ಕಡಿಮೆಯಾಗಿತ್ತು. ಕೂಸು ಆಡಿಕೊಂಡಿದೆ ಅಂತ ಔಷಧ ಬಿಡಬಾರದು. ಲಸಿಕೆ ಒಂದನ್ನೂ ತಪ್ಪಿಸಬಾರದು. ಎದೆಹಾಲು ಚೆನ್ನಾಗಿ ಕುಡಿಸಬೇಕು, ಚಳಿಯಲ್ಲಿ ಬೆಚ್ಚಗೆ ಇಡಬೇಕು. ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಕೆಳಗೆ ಮುಟ್ಟಿ ನೋಡುವುದನ್ನು ಡಾಕ್ಟರರಿಂದ ಕಲಿಯಬೇಕು. ಅಲ್ಲಿ ಗುಲ್ಮ ಏಕಾಏಕಿ ದೊಡ್ಡದಾಗಿ ಕೈಗೆ ಗಟ್ಟಿಯಾಗಿ ಸಿಕ್ಕರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

2023ರ ಜುಲೈ 1ರಂದು ಕೇಂದ್ರ ಸರಕಾರ ಈ ರೋಗದ ವಿರುದ್ಧ ದೊಡ್ಡ ಯೋಜನೆ ಶುರು ಮಾಡಿತು. ಬುಡಕಟ್ಟು ಸೀಮೆಗಳಲ್ಲಿ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಅದು. ಕರ್ನಾಟಕವೂ ಅದರಲ್ಲಿದೆ. ಬಸಿರಿದ್ದಾಗಲೇ ಆಶಾ ಅಕ್ಕನನ್ನು ಕೇಳೋಣ. ಖಾನಾಪುರದ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸೋಣ. ಅಲ್ಲಿ ಆಗದಿದ್ದರೆ ಬೆಳಗಾವಿಯ ಜಿಲ್ಲಾಸ್ಪತ್ರೆ ಬಿಮ್ಸ್‌ಗೆ ಚೀಟಿ ಬರೆಸಿಕೊಳ್ಳೋಣ.

ಪರೀಕ್ಷೆಯ ಫಲವನ್ನು ತಾಯಿ ಕಾರ್ಡಿನಲ್ಲಿ ಬರೆಸೋಣ. ಬರೆದದ್ದನ್ನು ನಾವೇ ಓದಿ ನೋಡೋಣ. ರೋಗ ಇರುವ ಕೂಸಿಗೆ ರಾತ್ರಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಬೇಕು. ಆಸ್ಪತ್ರೆ ಮುಟ್ಟಿದ ಕೂಡಲೇ ಮೊದಲು ಆ ಕಾರ್ಡು ತೋರಿಸಬೇಕು.