ನೈಟ್ ಡ್ಯೂಟಿಯ ಹೊಟ್ಟೆ

ನಮ್ಮ ಅತ್ತಿಗೆ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಕೋವಿಡ್ ಕಾಲದಲ್ಲಿ ಪಿಪಿಇ ಕಿಟ್ ಒಮ್ಮೆ ಹಾಕಿಕೊಂಡರೆ ಡ್ಯೂಟಿ ಮುಗಿಯುವವರೆಗೆ ನೀರೂ ಇಲ್ಲ, ಶೌಚವೂ ಇಲ್ಲ. ಅದಕ್ಕೆಂದೇ ಅವರು ಕೆಲಸಕ್ಕೆ ಹೊರಡುವ ಎರಡು ಗಂಟೆ ಮೊದಲೇ ತಿನ್ನುವುದನ್ನೂ ಕುಡಿಯುವುದನ್ನೂ ನಿಲ್ಲಿಸುತ್ತಿದ್ದರು. ಆದರೂ ಆಸ್ಪತ್ರೆಯ ಗೇಟು ಕಾಣುತ್ತಿದ್ದಂತೆ ಹೊಟ್ಟೆ ತೊಳಸುತ್ತಿತ್ತು. ಕೋವಿಡ್ ವಾರ್ಡು ಮುಚ್ಚಿ ವರ್ಷಗಳಾದವು. ಹೊಟ್ಟೆ ಮಾತ್ರ ಮೊದಲಿನಂತಾಗಲಿಲ್ಲ. ಒಂದು ವಾರ ಮಲಬದ್ಧತೆ, ಮತ್ತೊಂದು ವಾರ ಭೇದಿ, ಯಾವಾಗಲೂ ಉಬ್ಬರ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ನಾರ್ಮಲ್.

ರಿಪೋರ್ಟು ನಾರ್ಮಲ್ ಅಂತ ಬಂದ ದಿನದಿಂದ ಅವರಿಗೆ ಸಿಕ್ಕಿದ್ದು ಬರೀ ಸಲಹೆ. ಮನೆಯವರು, ಸಹೋದ್ಯೋಗಿಗಳು, ಮೆಡಿಕಲ್ ಶಾಪಿನವರು, ಮೊಬೈಲಿನ ವಿಡಿಯೋದವರು, ಎಲ್ಲರದೂ ಒಂದೊಂದು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸಾವಿರಾರು ಜನ ಕೇಳುತ್ತಿರುವುದೂ ಇದೇ ಸಲಹೆಗಳನ್ನೇ. ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಪೂರಾ ತಪ್ಪು ಎಂದು ಬಿಡಿಸಿ ನೋಡಲೇಬೇಕು ಅನ್ನಿಸಿತು.

"ಏನೂ ಕಾಯಿಲೆ ಇಲ್ಲ, ಎಲ್ಲ ಮನಸ್ಸಿನದು"

ಅತ್ತಿಗೆಯನ್ನು ಅತಿ ಹೆಚ್ಚು ನೋಯಿಸಿದ ಮಾತು ಇದು. ಮನಸ್ಸಿಗೂ ಹೊಟ್ಟೆಗೂ ನಂಟಿದೆ ಎಂಬುದು ನಿಜ. ಆದರೆ ಆ ನಂಟು ನರ, ರಕ್ತ, ಹಾರ್ಮೋನುಗಳ ಮೂಲಕ ನಡೆಯುವಂಥದ್ದು, ಕಲ್ಪನೆಯಲ್ಲ.

ಭಯವೋ ಒತ್ತಡವೋ ಎದುರಾದಾಗ ಮಿದುಳಿನ ಹೈಪೊಥಾಲಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಅದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಎಬ್ಬಿಸುತ್ತದೆ, ಕಾರ್ಟಿಸಾಲ್ ಹೊರಬರುತ್ತದೆ. ಇತ್ತ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಸುರಿಯುತ್ತದೆ. ಆಗ ಜಠರ ನಿಧಾನವಾಗುತ್ತದೆ, ದೊಡ್ಡ ಕರುಳು ಅವಸರ ಮಾಡುತ್ತದೆ. ಪರೀಕ್ಷೆಯ ಬೆಳಗ್ಗೆ ಮಕ್ಕಳು ಮತ್ತೆ ಮತ್ತೆ ಟಾಯ್ಲೆಟ್ಟಿಗೆ ಓಡುವುದು ಇದರಿಂದಲೇ. ಒತ್ತಡ ದಿನಗಟ್ಟಲೆ ಮುಂದುವರಿದರೆ ಕರುಳಿನ ಒಳಗೋಡೆಯ ಲೋಳೆ, ಅಲ್ಲಿನ ರಕ್ತಸಂಚಾರ, ಗೋಡೆಯ ಬಿಗಿ ಎಲ್ಲವೂ ಬದಲಾಗುತ್ತವೆ. ಆ ಲೋಳೆಯನ್ನೇ ನೆಲೆಯಾಗಿ ಮಾಡಿಕೊಂಡು, ಅಲ್ಲಿಗೆ ಬರುವ ನಾರಿನಂಶವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳಿಗೆ ತಮ್ಮ ಊರಿನ ನೀರು ನೆಲ ಎರಡೂ ಬದಲಾದಂತೆ.

ಬ್ಯಾಕ್ಟೀರಿಯಾಗಳು ನಮ್ಮ ಒತ್ತಡದ ರಾಸಾಯನಿಕಗಳಿಗೆ ನೇರವಾಗಿಯೂ ಸ್ಪಂದಿಸುತ್ತವೆ. ನಾರ್‌ಅಡ್ರಿನಲಿನ್ ಬೆರೆಸಿದರೆ ಇ. ಕೋಲಿಯಂಥ ಕೆಲವು ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ ಎಂದು ಅಮೆರಿಕದ ಮಾರ್ಕ್ ಲೈಟ್ 1992ರಲ್ಲೇ ತೋರಿಸಿದ್ದರು. ಸಂದೇಶ ಕೆಳಗಿನಿಂದ ಮೇಲಕ್ಕೂ ಹೋಗುತ್ತದೆ. ಮಿದುಳಿನಿಂದ ಹೊಟ್ಟೆಗಿಳಿಯುವ ವೇಗಸ್ ನರದ ಎಳೆಗಳಲ್ಲಿ ಬಹುಪಾಲು ಹೊಟ್ಟೆಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವಂಥವು. 2004ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಸಂಶೋಧಕರು, ಹುಟ್ಟಿನಿಂದ ಒಂದೇ ಒಂದು ಬ್ಯಾಕ್ಟೀರಿಯಾ ಸೋಕದಂತೆ ಬೆಳೆಸಿದ ಇಲಿಗಳನ್ನು ಪರೀಕ್ಷಿಸಿದರು. ಸಾಮಾನ್ಯ ಇಲಿಗಳಿಗಿಂತ ಅವುಗಳಲ್ಲಿ ಒತ್ತಡದ ಹಾರ್ಮೋನು ಎಷ್ಟೋ ಹೆಚ್ಚು ಉಕ್ಕಿತು. ಎಳೆಯದರಲ್ಲೇ ಬೈಫಿಡೊಬ್ಯಾಕ್ಟೀರಿಯಾ ಕೊಟ್ಟಾಗ ಅದು ಹತೋಟಿಗೆ ಬಂತು.

ಆಸ್ಪತ್ರೆಯವರ ವಿಷಯಕ್ಕೆ ಬಂದರೆ, ಚೀನಾದಲ್ಲಿ ಕೋವಿಡ್ ವಾರ್ಡುಗಳ ಮುಂಚೂಣಿಯಲ್ಲಿ ಎರಡು ತಿಂಗಳು ದುಡಿದವರ ಮೇಲೆ ನಡೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಖಿನ್ನತೆ, ಆತಂಕ, ಒತ್ತಡ ಹೆಚ್ಚಿತ್ತು. ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲವೂ ತಪ್ಪಿತ್ತು. ಕೆಲಸ ಮುಗಿದು ಕನಿಷ್ಠ ಆರು ತಿಂಗಳಾದರೂ ಆ ಏರುಪೇರು ಉಳಿದುಕೊಂಡಿತ್ತು. ಮನಸ್ಸಿನ ಸ್ಥಿತಿಯೊಂದಿಗೆ ತಳಕು ಹಾಕಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಉರಿಯೂತ ತಗ್ಗಿಸುವ ಫೀಕಲಿಬ್ಯಾಕ್ಟೀರಿಯಂ ಮುಖ್ಯವಾದದ್ದು. ಇದನ್ನು ಓದಿದಾಗ ನನಗೆ ನೆನಪಾದದ್ದು ಅತ್ತಿಗೆಯ ಮಾತು: "ವಾರ್ಡು ಮುಚ್ಚಿದ್ರು ಕಣಪ್ಪ, ಹೊಟ್ಟೆಗೆ ಯಾರೂ ಹೇಳ್ಲಿಲ್ಲ."

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಎರಡು ಸಂಗತಿ ಒಟ್ಟಿಗೆ ಕಂಡವು ಎಂದರೆ ಒಂದರಿಂದ ಇನ್ನೊಂದಾಯಿತು ಎಂದಲ್ಲ. ಯಾವ ದಾರಿಯಲ್ಲಿ ಹೀಗಾಗುತ್ತದೆ ಎಂಬುದು ಸ್ಪಷ್ಟವಿಲ್ಲವೆಂದು ಆ ಸಂಶೋಧಕರೇ ಬರೆದಿದ್ದಾರೆ. ಎರಡು ತಿಂಗಳು ಮನೆ ಬಿಟ್ಟಿದ್ದವರ ಊಟ ಬದಲಾಗಿರುತ್ತದೆ, ನಿದ್ದೆ ಕೆಟ್ಟಿರುತ್ತದೆ. ಈ ಎಳೆಗಳನ್ನು ಬೇರೆ ಬೇರೆ ಮಾಡುವುದು ಸುಲಭವಲ್ಲ.

"ಟೆನ್ಷನ್ ಮಾಡಿಕೊಂಡರೆ ಅಲ್ಸರ್ ಆಗುತ್ತೆ"

ಇದನ್ನು ಒಂದು ಕಾಲಕ್ಕೆ ವೈದ್ಯರೂ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅದನ್ನು ಬುಡಮೇಲು ಮಾಡಿದರು. ಹುಣ್ಣಿನ ಹಿಂದಿರುವುದು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಎಂದರೆ ಯಾರೂ ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ಅದನ್ನು ಬೆಳೆಸಿದ ದ್ರಾವಣವನ್ನೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆ. ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಹಿಡಿದು, ಡೈಕ್ಲೊಫೆನಾಕ್ ನುಂಗಿ ಮತ್ತೆ ವಾರ್ಡಿಗೆ ನಿಲ್ಲುವ ಸಿಸ್ಟರ್‌ಗಳು, ಆಯಾಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಐಸಿಯುನಲ್ಲಿ 'ಸ್ಟ್ರೆಸ್ ಅಲ್ಸರ್' ಎಂದು ಕರೆಯುವುದು ಸುಟ್ಟಗಾಯ, ತಲೆಗೆ ಪೆಟ್ಟು ಇಂಥ ದೇಹದ ಮೇಲಿನ ಆಘಾತದಿಂದ ಬರುವ ಹುಣ್ಣನ್ನು. ಅದು ಬೇರೆ, ಕೆಲಸದ ಟೆನ್ಷನ್ ಬೇರೆ.

"ಗ್ಯಾಸ್ಟ್ರಿಕ್ ಮಾತ್ರೆ ತಾನೇ, ದಿನಾ ತಗೊಂಡರೇನು?"

ಎದೆ ಉರಿಗೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಕ್ಕೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್ ಎನ್ನುವುದು ನಮ್ಮಲ್ಲಿ ರೂಢಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ಅಗತ್ಯವಿದ್ದವರಿಗೆ ನಿಜಕ್ಕೂ ಒಳ್ಳೆಯವು. ಆದರೆ ಅವು ತಗ್ಗಿಸುವುದು ಆಮ್ಲವನ್ನು, ಗ್ಯಾಸನ್ನಲ್ಲ. ಬಾಯಿಂದ ಒಳಬರುವ ಬ್ಯಾಕ್ಟೀರಿಯಾಗಳನ್ನು ತಡೆಯುವ ಕಾವಲುಗಾರ ಆ ಆಮ್ಲ. ಅದು ತಗ್ಗಿದಾಗ ಬಾಯಿಯ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಹೆಚ್ಚಾಗಿ ಕಾಣಿಸುತ್ತವೆ, ಒಟ್ಟು ವೈವಿಧ್ಯ ಕುಗ್ಗುತ್ತದೆ ಎಂದು ನೆದರ್‌ಲೆಂಡ್ಸಿನಲ್ಲಿ 1,800ಕ್ಕೂ ಹೆಚ್ಚು ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವೈದ್ಯರು ಹೇಳಿದ ಅವಧಿಗೆ ತೆಗೆದುಕೊಳ್ಳುವುದು ಸರಿ. ಡ್ಯೂಟಿ ಬ್ಯಾಗಿನಲ್ಲಿ ಸ್ಟ್ರಿಪ್ ಇಟ್ಟುಕೊಂಡು ವರ್ಷಗಟ್ಟಲೆ ನುಂಗುವುದು ಸರಿಯಲ್ಲ. ಗಂಟಲು ಕೆರೆದ ತಕ್ಷಣ ಅಜಿತ್ರೊಮೈಸಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಆಂಟಿಬಯಾಟಿಕ್‌ಗೆ ರೋಗದ ಬ್ಯಾಕ್ಟೀರಿಯಾ ಯಾವುದು, ಮನೆಯ ಬ್ಯಾಕ್ಟೀರಿಯಾ ಯಾವುದು ಎಂಬ ಗುರುತು ಸಿಗುವುದಿಲ್ಲ.

"ಇಡ್ಲಿ ತಿನ್ನು, ಮೊಸರು ತಿನ್ನು, ಇಲ್ಲದಿದ್ದರೆ ಪ್ರೊಬಯಾಟಿಕ್ ತಗೋ"

ಈ ಸಲಹೆಯಲ್ಲಿ ಪ್ರೀತಿಯಿದೆ, ಹಾಗಾಗಿ ನಿಧಾನವಾಗಿ ನೋಡೋಣ. ಇಡ್ಲಿ ಹಿಟ್ಟು ಉಕ್ಕುವುದು ಲ್ಯುಕೊನಾಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳಿಂದ. ಆದರೆ ಹಬೆಯಲ್ಲಿ ಬೆಂದ ಮೇಲೆ ಅವು ಬದುಕಿರುವುದಿಲ್ಲ. ಕಾವಲಿ ಮೇಲಿನ ದೋಸೆಯದೂ ಇದೇ ಕಥೆ. ಹುದುಗಿದ ಹಿಟ್ಟು ಸುಲಭವಾಗಿ ಜೀರ್ಣವಾಗುತ್ತದೆ, ಅದು ಅದರ ಗುಣ. ಜೀವಂತ ಬ್ಯಾಕ್ಟೀರಿಯಾ ಸಿಗುತ್ತವೆ ಎಂದು ತಿನ್ನುವುದಾದರೆ ತಪ್ಪು. ಮನೆಯ ಮೊಸರು, ಮಜ್ಜಿಗೆಯಲ್ಲಿ ಅವು ಜೀವಂತವಾಗಿರುತ್ತವೆ. ಆದರೆ ಎಷ್ಟಿವೆ, ಯಾವ ಜಾತಿಯವು ಎಂಬುದು ಮನೆಯಿಂದ ಮನೆಗೆ ಬೇರೆ. ಒಗ್ಗರಣೆ ಹಾಕಿ ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಅವೂ ಉಳಿಯುವುದಿಲ್ಲ.

2021ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 36 ಜನರ ಮೇಲೆ ಹತ್ತು ವಾರಗಳ ಪ್ರಯೋಗ ಪ್ರಕಟಿಸಿದರು. ಮೊಸರು, ಕೆಫಿರ್, ಕಿಮ್ಚಿಯಂಥ ಹುದುಗಿದ ಪದಾರ್ಥ ಹೆಚ್ಚು ತಿಂದವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ಉರಿಯೂತದ ಸೂಚಕಗಳು ಇಳಿದವು. ಭರವಸೆ ಕೊಡುವ ಫಲಿತಾಂಶವೇ. ಆದರೆ ಅವರು ತಿಂದದ್ದು ದಿನಕ್ಕೆ ಸುಮಾರು ಆರು ಪಾಲು. ಊಟದ ಕೊನೆಯ ಒಂದು ಚಮಚ ಮೊಸರನ್ನು ಅದಕ್ಕೆ ಹೋಲಿಸಲಾಗದು.

ಇನ್ನು ಜೀವಂತ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಕ್ಯಾಪ್ಸೂಲು. 2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು ಒಂದು ಲ್ಯಾಕ್ಟೊಬ್ಯಾಸಿಲಸ್ ತಳಿಯನ್ನು ಇಲಿಗಳಿಗೆ ತಿನ್ನಿಸಿದಾಗ ಒತ್ತಡದ ಹಾರ್ಮೋನು ಇಳಿಯಿತು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಪರಿಣಾಮ ಕಾಣಲಿಲ್ಲ. ಬ್ಯಾಕ್ಟೀರಿಯಾದ ಮಾತು ಆ ನರದ ಮೂಲಕವೇ ಮಿದುಳಿಗೆ ಹೋಗುತ್ತಿತ್ತೆಂದು ಅದರಿಂದ ತಿಳಿಯಿತು. ಜಗತ್ತೆಲ್ಲ ಸುದ್ದಿಯಾಯಿತು. ಅದೇ ಗುಂಪು ಅದೇ ತಳಿಯನ್ನು 29 ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿತು. ಒತ್ತಡದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. 2017ರಲ್ಲಿ ಅದನ್ನೂ ಅವರು ಮರೆಮಾಚದೆ ಪ್ರಕಟಿಸಿದರು. ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಆದರೆ ಈ ಎರಡನೆಯ ಸುದ್ದಿ ಅತ್ತಿಗೆಯ ಫೋನಿಗೆ ಬರಲೇ ಇಲ್ಲ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆ ಇನ್ನೂ ಅಚ್ಚರಿಯ ಸಂಗತಿ ಹೇಳಿತು: ಆಂಟಿಬಯಾಟಿಕ್ ಕೋರ್ಸ್ ಮುಗಿಸಿ ಪ್ರೊಬಯಾಟಿಕ್ ತೆಗೆದುಕೊಂಡವರಲ್ಲಿ ಅವರದೇ ಹಳೆಯ ಬ್ಯಾಕ್ಟೀರಿಯಾ ಬಳಗ ಮರಳುವುದು ತಡವಾಯಿತು. ಐಬಿಎಸ್ ಎಂದು ಕರೆಯುವ ಕರುಳಿನ ಕಿರಿಕಿರಿಗೆ ಸಂಶೋಧನೆಯ ಚೌಕಟ್ಟಿನ ಹೊರಗೆ ಪ್ರೊಬಯಾಟಿಕ್ ಕೊಡುವುದನ್ನು ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಒಪ್ಪಿಲ್ಲ.

ಹಾಗಾದರೆ ಆ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದೇನು? ನಾರು. ಸೊಪ್ಪಿನ ಸಾರು, ಹುರುಳಿ, ಅಲಸಂದೆ, ರಾಗಿ, ಜೋಳ, ಹೆಸರುಬೇಳೆ ಕೋಸಂಬರಿ. ನಾವು ಅರಗಿಸಲಾಗದ ನಾರನ್ನು ಅವು ಅರಗಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ ಅದೇ. ಆದರೆ ಈಗಾಗಲೇ ಉಬ್ಬರವಿರುವವರು ನಾರನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಐಬಿಎಸ್ ಇರುವ ಕೆಲವರಿಗೆ ಕಾಳು, ಈರುಳ್ಳಿ, ಬೆಳ್ಳುಳ್ಳಿ, ಹಾಲು ಆಗಿಬರುವುದಿಲ್ಲ.

ಚಿಕ್ಕಪುಟ್ಟ ತಪ್ಪುಗಳು

ದೇಹದಲ್ಲಿ ನಮ್ಮ ಜೀವಕೋಶ ಒಂದಾದರೆ ಬ್ಯಾಕ್ಟೀರಿಯಾ ಹತ್ತು ಎನ್ನುವುದು ಹಳೆಯ ಅಂದಾಜು. 2016ರ ಲೆಕ್ಕದಂತೆ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಜೀವಕೋಶ ಸುಮಾರು 30 ಲಕ್ಷ ಕೋಟಿ. ಆ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಎರಡು ಕಿಲೋ ಎನ್ನುವುದೂ ತಪ್ಪು, ಅದು 200 ಗ್ರಾಂ ಆಸುಪಾಸು.

ಸಂತೋಷದ ರಾಸಾಯನಿಕವೆಂದು ಹೆಸರಾದ ಸೆರೊಟೊನಿನ್‌ನ ನೂರರಲ್ಲಿ ಸುಮಾರು 90 ಭಾಗ ಹೊಟ್ಟೆಯಲ್ಲೇ ತಯಾರಾಗುತ್ತದೆ, ಆದ್ದರಿಂದ ಹೊಟ್ಟೆ ಸರಿಯಿದ್ದರೆ ಸಂತೋಷ ತಾನಾಗಿ ಬರುತ್ತದೆ ಎನ್ನುತ್ತಾರೆ. ಮೊದಲರ್ಧ ಸರಿ. ಆದರೆ ಆ ಸೆರೊಟೊನಿನ್ ರಕ್ತದಿಂದ ಮಿದುಳಿನೊಳಕ್ಕೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ಮಲದ ಸ್ಯಾಂಪಲ್ ಕಳಿಸಿದರೆ ಬ್ಯಾಕ್ಟೀರಿಯಾಗಳಿಗೆ ಅಂಕ ಕೊಡುವ ದುಬಾರಿ ಪರೀಕ್ಷೆಗಳೂ ಬಂದಿವೆ. ಆರೋಗ್ಯವಂತ ಬಳಗ ಎಂದರೆ ಹೀಗೇ ಇರಬೇಕು ಎಂಬ ಒಪ್ಪಿತ ಅಳತೆಗೋಲೇ ಇನ್ನೂ ಇಲ್ಲದಿರುವಾಗ ಆ ಅಂಕದಿಂದ ಚಿಕಿತ್ಸೆ ನಿರ್ಧರಿಸಲಾಗದು.

"ರಾತ್ರಿ ಪಾಳಿ ಎರಡು ತಿಂಗಳಲ್ಲಿ ಅಭ್ಯಾಸ ಆಗುತ್ತೆ"

ಮನಸ್ಸಿಗೆ ಅಭ್ಯಾಸವಾಗಬಹುದು, ಹೊಟ್ಟೆಗೆ ಅಷ್ಟು ಸುಲಭವಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ನರ್ಸ್‌ಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಗಲು ಮಾತ್ರ ದುಡಿಯುವವರಿಗಿಂತ ಪಾಳಿ ಬದಲಾಗುತ್ತಲೇ ಇರುವವರಲ್ಲಿ ಐಬಿಎಸ್ ಹೆಚ್ಚಾಗಿ ಕಂಡಿತು. ನಿದ್ದೆಯ ಗುಣಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತು.

ಇದಕ್ಕೊಂದು ಕಾರಣ ಇದಿರಬಹುದು: ಕರುಳಿನ ಬ್ಯಾಕ್ಟೀರಿಯಾಗಳಿಗೂ ದಿನದ ಲಯವಿದೆ. ದಿನದ ಹೊತ್ತಿಗೆ ತಕ್ಕಂತೆ ಅವುಗಳ ಸಂಖ್ಯೆ, ಕೆಲಸ ಏರಿಳಿಯುತ್ತವೆ, ನಾವು ಯಾವಾಗ ತಿನ್ನುತ್ತೇವೆ ಎಂಬುದೇ ಅವುಗಳಿಗೆ ಮುಖ್ಯ ಸೂಚನೆ. ವೈಜ್‌ಮನ್ ಸಂಸ್ಥೆಯವರು 2014ರಲ್ಲಿ ಅಮೆರಿಕದಿಂದ ಇಸ್ರೇಲಿಗೆ ವಿಮಾನದಲ್ಲಿ ಬಂದ ಇಬ್ಬರ ಮಲದ ಮಾದರಿಗಳನ್ನು ಬ್ಯಾಕ್ಟೀರಿಯಾರಹಿತ ಇಲಿಗಳಿಗೆ ಸೇರಿಸಿದರು. ಪ್ರಯಾಣದ ಆಯಾಸದ ದಿನಗಳ ಮಾದರಿ ಪಡೆದ ಇಲಿಗಳು ಹೆಚ್ಚು ದಪ್ಪಗಾದವು, ಅವುಗಳ ರಕ್ತದ ಸಕ್ಕರೆಯೂ ಏರಿತು. ಎರಡು ವಾರ ಸುಧಾರಿಸಿಕೊಂಡ ಮೇಲಿನ ಮಾದರಿಯಲ್ಲಿ ಅಂಥ ದೋಷ ಕಾಣಲಿಲ್ಲ. ಇಬ್ಬರೇ ಜನ, ಇಲಿಗಳ ಪ್ರಯೋಗ; ಇದರಿಂದ ದೊಡ್ಡ ತೀರ್ಮಾನ ಬೇಡ. ಆದರೆ ಸುಧಾರಿಸಿಕೊಳ್ಳಲು ಸಮಯ ಸಿಕ್ಕಿತ್ತು ಎಂಬ ಅಂಶ ನನ್ನನ್ನು ಬಿಡದೆ ಕಾಡುತ್ತದೆ. ಮೂರು ನೈಟ್, ಒಂದು ಆಫ್, ಮತ್ತೆ ಮಾರ್ನಿಂಗ್ ಶಿಫ್ಟ್ ಎಂದು ರೋಸ್ಟರ್ ಬರೆದರೆ ಆ ಸಮಯ ಎಲ್ಲಿಂದ ಬರಬೇಕು?

ಆಶಾ ಕಾರ್ಯಕರ್ತೆಯರದು ಇನ್ನೊಂದು ಬಗೆ. ಪಾಳಿಯಿಲ್ಲ ನಿಜ. ಆದರೆ ಮನೆಮನೆ ಸುತ್ತುವಾಗ ದಾರಿಯಲ್ಲಿ ಶೌಚಾಲಯ ಸಿಗದೆಂದು ಬೆಳಗಿನಿಂದ ನೀರನ್ನೇ ಕುಡಿಯದವರಿದ್ದಾರೆ. ಕೋವಿಡ್ ಸಮೀಕ್ಷೆಯ ನಡುವೆಯೇ, 2020ರ ಜುಲೈನಲ್ಲಿ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕರ್ನಾಟಕದ ಆಶಾಗಳು ಮುಷ್ಕರ ಹೂಡಬೇಕಾಯಿತು. ಬರುವ ಸಂಬಳ ಎಷ್ಟೆಂಬ ನೆಮ್ಮದಿಯೂ ಇಲ್ಲದವರಿಗೆ ಒತ್ತಡ ಕಡಿಮೆ ಮಾಡಿಕೊಳ್ಳಿ ಎಂದು ಹೇಳುವುದು ನನ್ನಿಂದಾಗದು.

"ಯೋಗ, ಧ್ಯಾನ ಮಾಡಿದರೆ ಸರಿಹೋಗುತ್ತೆ"

ಮಾಡಬಾರದೆಂದಲ್ಲ. ಐಬಿಎಸ್ ಇರುವವರಿಗೆ ಮನಶ್ಶಾಸ್ತ್ರೀಯ ಚಿಕಿತ್ಸೆಗಳಿಂದ ಉಪಯೋಗವಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಆದರೆ ಹದಿನೈದು ನಿಮಿಷದ ಪ್ರಾಣಾಯಾಮ, ಹನ್ನೆರಡು ಗಂಟೆ ಊಟವಿಲ್ಲದೆ ದುಡಿಸುವುದಕ್ಕೆ ಪರಿಹಾರವಾಗದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಒತ್ತಡವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಲೇಬೇಕು. ಆಸ್ಪತ್ರೆಯಲ್ಲೇ ಇರುವವರು ತಮ್ಮ ವಿಷಯದಲ್ಲಿ ಇದನ್ನೇ ಮುಂದೂಡುತ್ತಾರೆ.

ಅತ್ತಿಗೆಯ ವಾರ್ಡಿನಲ್ಲಿ ಈಗ ಸಿಸ್ಟರ್‌ಗಳೇ ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ನೈಟ್ ಡ್ಯೂಟಿಯಲ್ಲಿ ಹ್ಯಾಂಡೋವರ್ ಮುಗಿದ ಮೇಲೆ, ಒಂಬತ್ತೂವರೆಗೆ, ಒಬ್ಬರ ಬೆಡ್‌ಗಳನ್ನು ಇನ್ನೊಬ್ಬರು ಇಪ್ಪತ್ತು ನಿಮಿಷ ನೋಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಕುಳಿತು ಊಟ ಮಾಡಬೇಕು, ನಿಂತಲ್ಲ. ನಡುರಾತ್ರಿ ಎರಡಕ್ಕೆ ಬಿಸ್ಕತ್ತು, ಚಹಾದ ಬದಲು ಮಜ್ಜಿಗೆಯೋ ಒಂದು ಬಾಳೆಹಣ್ಣೋ. ಹೊಟ್ಟೆ ಪೂರ್ತಿ ಸರಿಯಾಗಿಲ್ಲ ಎನ್ನುತ್ತಾರೆ ಅತ್ತಿಗೆ. ಆದರೆ ಗೇಟು ಕಂಡಾಗ ಈಗ ಮೊದಲಿನಷ್ಟು ತೊಳಸುವುದಿಲ್ಲವಂತೆ. ಕ್ಯಾಶುಯಾಲ್ಟಿಯಲ್ಲಿ ಮಾತ್ರ ಈ ಏರ್ಪಾಡು ಸಾಧ್ಯವಾಗಿಲ್ಲ. ಅಲ್ಲಿ ರಾತ್ರಿಗೆ ಇರುವುದು ಒಬ್ಬರೇ ಸಿಸ್ಟರ್.